ಸಾನ್ ಪೆದ್ರೊ ದೆ ಲಾ ನಾವೆ: ಸ್ಪೇನ್ ದೇಶದ ಒಂದು ಪ್ರಾಚೀನ ಶಿಲಾ ಇಗರ್ಜಿ

ಸ್ಪೇನ್ ದೇಶದ ವಾಯವ್ಯ ಭಾಗದಲ್ಲಿ, ಪೋರ್ಚುಗಲ್ ಗಡಿಗೆ ಸಮೀಪದಲ್ಲಿ ಸಮೋರಾ ಎಂಬ ಪ್ರಾಂತವಿದೆ. ಅಲ್ಲಿನ ಎಲ್ ಕಾಂಪಿಯೊ ಎಂಬ ಪುಟ್ಟ ಗ್ರಾಮದಲ್ಲಿರುವ ಇಗರ್ಜಿಯೇ ಸಾನ್ ಪೆದ್ರೊ ದೆ ಲಾ ನಾವೆ. ಹೆಸರಿನ ಕೊನೆಯ ಪದ ಕನ್ನಡಿಗರ ಕಿವಿಗೆ ಅಪರಿಚಿತವೇನಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿಯೂ 'ನಾವೆ' ಎಂದರೆ ಹಡಗು. ಲ್ಯಾಟಿನ್ನಿನ 'ನಾವಿಸ್' ಮತ್ತು ಸಂಸ್ಕೃತದ 'ನೌ' ಒಂದೇ ಮೂಲದಿಂದ ಹುಟ್ಟಿದ ಪದಗಳಾದ್ದರಿಂದ ಈ ಸಾಮ್ಯ ಕೇವಲ ಆಕಸ್ಮಿಕವಲ್ಲ. ಇಗರ್ಜಿಯು ಮೊದಲು ಎಸ್ಲಾ ನದಿಯ ದಡದಲ್ಲಿತ್ತು. ಯಾತ್ರಿಕರನ್ನು ಹೊಳೆ ದಾಟಿಸುತ್ತಿದ್ದ ದೋಣಿಯಿಂದ ಈ ಹೆಸರು ಬಂದಿತೆಂದು ಸ್ಥಳೀಯ ಐತಿಹ್ಯ ಹೇಳುತ್ತದೆ.

ಇದನ್ನು ವಿಸಿಗೋಥರ ಕಾಲದ ನಿರ್ಮಾಣವೆಂದು ಬಹುಕಾಲದಿಂದ ಪರಿಗಣಿಸಲಾಗಿದೆ. ಜರ್ಮಾನಿಕ್ ಮೂಲದ ಈ ಜನ ಕ್ರಿ.ಶ. 410ರಲ್ಲಿ ಅಲಾರಿಕನ ನೇತೃತ್ವದಲ್ಲಿ ರೋಮ್ ನಗರವನ್ನೇ ಲೂಟಿ ಮಾಡಿದವರು. ಮುಂದೆ ಗಾಲ್ ಪ್ರದೇಶದಲ್ಲಿ ರಾಜ್ಯ ಕಟ್ಟಿದರು. 507ರಲ್ಲಿ ಫ್ರಾಂಕರಿಂದ ಸೋತ ಬಳಿಕ ಅವರ ಅಧಿಕಾರದ ಕೇಂದ್ರ ಸ್ಪೇನಿಗೆ ಸರಿದು, ಟೊಲೆಡೊ ರಾಜಧಾನಿಯಾಯಿತು. 589ರ ಟೊಲೆಡೊ ಧರ್ಮಸಭೆಯಲ್ಲಿ ಅರಸ ರೆಕ್ಕಾರೆಡನು ಏರಿಯನ್ ಪಂಥವನ್ನು ತ್ಯಜಿಸಿದುದನ್ನು ಘೋಷಿಸಿದ ಮೇಲೆ ಆಳುವವರ ಮತ್ತು ಪ್ರಜೆಗಳ ಮತ ಒಂದೇ ಆಯಿತು. ಆದರೆ 711ರಲ್ಲಿ ಉತ್ತರ ಆಫ್ರಿಕದಿಂದ ಬಂದ ಮುಸ್ಲಿಂ ಸೈನ್ಯದೆದುರು ಈ ರಾಜ್ಯ ಕುಸಿಯಿತು. ಸಾನ್ ಪೆದ್ರೊ ಇಗರ್ಜಿಯನ್ನು ಸಾಂಪ್ರದಾಯಿಕವಾಗಿ ಈ ಪತನಕ್ಕೆ ಕೆಲವೇ ದಶಕಗಳ ಹಿಂದಿನದು, ಅಂದರೆ ಏಳನೆಯ ಶತಮಾನದ ಕೊನೆಯ ಭಾಗದ್ದು ಎಂದು ಗುರುತಿಸುತ್ತಾರೆ.

ಹೊರಗಿನಿಂದ ನೋಡಿದರೆ ಆಡಂಬರವಿಲ್ಲದ ಕಟ್ಟಡ. ದೊಡ್ಡ ದೊಡ್ಡ ಚೌಕಗಲ್ಲುಗಳನ್ನು ಒತ್ತಾಗಿ ಜೋಡಿಸಿ ಗೋಡೆ ಎಬ್ಬಿಸಲಾಗಿದೆ. ತಳವಿನ್ಯಾಸದಲ್ಲಿ ಮೂರು ಅಂಕಣಗಳುಳ್ಳ ಉದ್ದನೆಯ ಸಭಾಂಗಣವೂ ಅದನ್ನು ಅಡ್ಡಲಾಗಿ ಹಾಯುವ ಶಿಲುಬೆಯಾಕಾರವೂ ಬೆರೆತಿವೆ. ಪೂರ್ವದ ತುದಿಯಲ್ಲಿ ಬಲಿಪೀಠದ ಚೌಕ ಕೋಣೆ ಇದೆ. ಅದರ ಮುಂಭಾಗದ ಎರಡೂ ಬದಿಗಳಲ್ಲಿರುವ ಪುಟ್ಟ ಕೊಠಡಿಗಳು ಮೂರು ಕಮಾನುಗಳ ಕಿಟಕಿಗಳ ಮೂಲಕ ಒಳಕ್ಕೆ ತೆರೆದುಕೊಳ್ಳುತ್ತವೆ. ಒಳಗಿನ ಕಮಾನುಗಳು ಕುದುರೆಯ ಲಾಳದ ಆಕಾರದವು. ಇಂತಹ ಕಮಾನನ್ನು ಕಂಡೊಡನೆ ಅರಬ್ಬರ ಕೊಡುಗೆಯೆಂದು ಭಾವಿಸುವುದು ವಾಡಿಕೆ. ವಾಸ್ತವವಾಗಿ ಅರಬ್ಬರು ಬರುವ ಮುನ್ನವೇ ಸ್ಪೇನಿನಲ್ಲಿ ಅದು ಬಳಕೆಯಲ್ಲಿತ್ತು.

ಈ ಇಗರ್ಜಿಯ ನಿಜವಾದ ಸಂಪತ್ತು ಒಳಗಿನ ಶಿಲ್ಪ. ಶಿಲುಬೆಯ ನಡುಭಾಗದ ಕಂಬಗಳ ಬೋದಿಗೆಗಳಲ್ಲಿ ಎರಡು ಬೈಬಲ್ ಪ್ರಸಂಗಗಳನ್ನು ಕಂಡರಿಸಲಾಗಿದೆ. ಒಂದರಲ್ಲಿ ಅಬ್ರಹಾಮನು ಮಗ ಇಸಾಕನ ತಲೆಗೂದಲು ಹಿಡಿದು ಕತ್ತಿ ಎತ್ತಿದ್ದಾನೆ. ಮೇಲಿನಿಂದ ದೇವರ ಹಸ್ತವೊಂದು ಚಾಚಿ ಬಂದು ಅವನನ್ನು ತಡೆಯುತ್ತಿದೆ. ಇನ್ನೊಂದರಲ್ಲಿ ಪ್ರವಾದಿ ದಾನಿಯೇಲನು ಸಿಂಹಗಳ ನಡುವೆ ಕೈಗಳನ್ನೆತ್ತಿ ಪ್ರಾರ್ಥಿಸುತ್ತಿದ್ದಾನೆ. ದಾನಿಯೇಲನನ್ನು ಸಿಂಹಗಳ ಗುಂಡಿಗೆ ಎಸೆದ ಸ್ಥಳವಿದು ಎಂಬ ಅರ್ಥದ ಲ್ಯಾಟಿನ್ ಬರಹವೂ ಅಲ್ಲಿದೆ. ಇಲ್ಲೊಂದು ಸ್ವಾರಸ್ಯವುಂಟು. ಬರಹದಲ್ಲಿರುವ 'ಲಾಕಸ್' ಎಂಬ ಲ್ಯಾಟಿನ್ ಪದಕ್ಕೆ ಗುಂಡಿ, ಕೊಳ ಎಂಬ ಎರಡೂ ಅರ್ಥಗಳಿವೆ. ಶಿಲ್ಪಿಯು ಎರಡನೆಯದನ್ನು ಹಿಡಿದು ದಾನಿಯೇಲನನ್ನು ನೀರಿನಲ್ಲಿ ನಿಲ್ಲಿಸಿದ್ದಾನೆ, ಸಿಂಹಗಳು ಆ ನೀರಿಗೆ ಬಾಯಿ ಹಚ್ಚಿವೆ ಎಂದು ವಿದ್ವಾಂಸರು ವಿವರಿಸುತ್ತಾರೆ. ತಪ್ಪೋ ಜಾಣತನವೋ, ಫಲವಂತೂ ಸೊಗಸಾಗಿದೆ! ಬೋದಿಗೆಗಳ ಪಕ್ಕದ ಮುಖಗಳಲ್ಲಿ ಪೇತ್ರ, ಪೌಲ, ಫಿಲಿಪ್ಪ, ತೋಮ ಎಂಬ ಶಿಷ್ಯರ ಆಕೃತಿಗಳಿವೆ. ಗೋಡೆಯ ಪಟ್ಟಿಕೆಗಳಲ್ಲಿ ದ್ರಾಕ್ಷಿಗೊಂಚಲು, ಹಕ್ಕಿ, ಚಕ್ರ, ಶಿಲುಬೆಗಳ ಅಲಂಕರಣವಿದೆ. ಪ್ರಸಂಗಗಳನ್ನು ಕೆತ್ತಿದವನೂ ಪಟ್ಟಿಕೆಗಳ ಜ್ಯಾಮಿತೀಯ ವಿನ್ಯಾಸ ಕೆತ್ತಿದವನೂ ಬೇರೆ ಬೇರೆ ಎಂಬ ಅಭಿಪ್ರಾಯವುಂಟು.

ವಿದ್ವಾಂಸ ಮಾನುವೆಲ್ ಗೋಮೆಸ್ ಮೊರೆನೊ ಅವರು 1906ರಲ್ಲಿ ಇದರ ಮಹತ್ವವನ್ನು ಲೋಕಕ್ಕೆ ತಿಳಿಸಿದರು. 1912ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ಆದರೆ ಎಸ್ಲಾ ನದಿಗೆ ರಿಕೊಬಾಯೊ ಬಳಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುವ ಯೋಜನೆ ರೂಪುಗೊಂಡಾಗ ಇಗರ್ಜಿ ಮುಳುಗಡೆಯ ಪಟ್ಟಿಗೆ ಸೇರಿತು. ವಾಸ್ತುಶಿಲ್ಪಿ ಅಲೆಹಾಂದ್ರೊ ಫೆರಾಂತ್ ಅವರ ಉಸ್ತುವಾರಿಯಲ್ಲಿ 1930ರಿಂದ 1932ರವರೆಗೆ ಅದನ್ನು ಕಲ್ಲು ಕಲ್ಲಾಗಿ ಬಿಡಿಸಿ, ಎತ್ತರದ ಎಲ್ ಕಾಂಪಿಯೊದಲ್ಲಿ ಮತ್ತೆ ನಿಲ್ಲಿಸಲಾಯಿತು. ನಶಿಸಿಹೋಗಿದ್ದ ಕೆಲವು ಮೇಲ್ಭಾಗಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಮೂಲ ನೆಲೆ ಜಲಾಶಯದ ಪಾಲಾಯಿತು.

ಹೀಗೆ ಕಟ್ಟಡವೇನೋ ಉಳಿಯಿತು. ಆದರೆ ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಹಳೆಯ ಕಟ್ಟಡದ ವಯಸ್ಸನ್ನು ತಿಳಿಯಲು ಪುರಾತತ್ತ್ವಜ್ಞರು ಮೊದಲು ಅಗೆಯುವುದು ಅದರ ಬುಡದ ಮಣ್ಣನ್ನು. ಸಾನ್ ಪೆದ್ರೊ ಈಗ ನಿಂತಿರುವ ನೆಲ ಅದರ ಬಾಲ್ಯವನ್ನು ಕಂಡೇ ಇಲ್ಲ. ಪಾಲೆನ್ಸಿಯಾ ಪ್ರಾಂತದ ಸಾನ್ ಹುವಾನ್ ದೆ ಬಾನ್ಯೋಸ್ ಇಗರ್ಜಿಯಲ್ಲಿ ಅರಸ ರೆಕ್ಕೆಸ್ವಿಂತನ ಹೆಸರುಳ್ಳ, 661ಕ್ಕೆ ಸಲ್ಲುವ ಶಾಸನವಿದೆ. ಸಾನ್ ಪೆದ್ರೊವಿನಲ್ಲಿ ಅಂತಹ ಆಧಾರವೂ ಇಲ್ಲ. ಈ ಕೊರತೆಯೇ ದೊಡ್ಡದೊಂದು ವಿವಾದಕ್ಕೆ ಎಡೆಮಾಡಿತು. ಪುರಾತತ್ತ್ವಜ್ಞ ಲೂಯಿಸ್ ಕಬಾಯೆರೊ ಸೊರೆಡಾ ಅವರು 1990ರ ದಶಕದಿಂದ ಮುಂದಿಟ್ಟ ವಾದದಂತೆ, ಇಂತಹ ಇಗರ್ಜಿಗಳಲ್ಲಿ ಹಲವು ವಿಸಿಗೋಥರವಲ್ಲ. ಪೂರ್ವದ ಉಮಯ್ಯದ್ ಕಲೆಯ ಪರಿಚಯವಾದ ಮೇಲೆ, ಅಂದರೆ 711ರ ನಂತರ, ಕಟ್ಟಿದವು. ಹಳೆಯ ಮತವನ್ನು ಸಮರ್ಥಿಸುವವರೂ ಸುಮ್ಮನಿಲ್ಲ. ಈ ವಾದ ಒಪ್ಪಿತವಾದರೆ ಸ್ಪೇನಿನ ಕಲಾ ಇತಿಹಾಸದ ಒಂದು ಇಡೀ ಅಧ್ಯಾಯದ ಶೀರ್ಷಿಕೆಯನ್ನೇ ಬದಲಿಸಬೇಕಾಗುತ್ತದೆ.

ಕಲ್ಲುಗಳನ್ನು ಒಂದಕ್ಕೊಂದು ಬಿಗಿಯಲು ಬಳಸಿದ ಮರದ ಕೀಲುಗಳು ಗೋಡೆಗಳಲ್ಲಿ ದೊರೆತಿದ್ದು, ಅವುಗಳ ರೇಡಿಯೋ ಕಾರ್ಬನ್ ಪರೀಕ್ಷೆಯೂ ನಡೆದಿದೆ. ಆದರೆ ಆ ಪರೀಕ್ಷೆ ತಿಳಿಸುವುದು ಮರ ಬೆಳೆದ ಕಾಲವನ್ನು, ಗೋಡೆ ಎದ್ದ ಕಾಲವನ್ನಲ್ಲ. ಹಳೆಯ ಮರವನ್ನು ಮತ್ತೆ ಬಳಸಿರಲೂಬಹುದು. ಆದ್ದರಿಂದ ಉಭಯ ಪಕ್ಷದವರೂ ಕೊನೆಗೆ ಮರಳುವುದು ಆ ಕಲ್ಲುಗಳ ಉಳಿಗೆಲಸದ ಕಡೆಗೇ.