ಸಾಣೆ ಹಿಡಿದ ಅಲಗು

ಉತ್ತೇಜಕವೆಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವೆ. ಅದರ ಮೂಲದಲ್ಲಿರುವ ಸಂಸ್ಕೃತ ಧಾತು ‘ತಿಜ್’. ಸಾಣೆ ಹಿಡಿ, ಹರಿತಮಾಡು ಎಂದರ್ಥ. ಸಾಣೆ ಹಿಡಿದಷ್ಟೂ ಅಲಗು ಮೊನಚಾಗುತ್ತದೆ, ಸವೆಯುತ್ತಲೂ ಹೋಗುತ್ತದೆ. ವಾಚಕರು ಇದನ್ನು ಮನಸ್ಸಿನಲ್ಲಿರಿಸಿಕೊಂಡು ಜಪಾನ್ ದೇಶದ ಒಂದು ವೃತ್ತಾಂತವನ್ನು ಅವಧರಿಸಬೇಕು.

ಚೀನೀಯರ ಹಳೆಯ ವೈದ್ಯದಲ್ಲಿ ಉಬ್ಬಸಕ್ಕೆ ಕೊಡುತ್ತಿದ್ದ ‘ಮಾ ಹುವಾಂಗ್’ ಎಂಬ ಗಿಡವುಂಟು. ಅದರ ಸಾರವಾದ ಎಫಿಡ್ರಿನ್ನನ್ನು 1885ರಲ್ಲಿ ಬೇರ್ಪಡಿಸಿದವರು ನಾಗಾಯಿ ನಾಗಾಯೋಶಿಯವರು. 1893ರಲ್ಲಿ ಅವರೇ ಅದರಿಂದ ಮೆಥಾಂಫೆಟಮಿನ್ ಎಂಬ ವಸ್ತುವನ್ನು ತಯಾರಿಸಿದರು. ಸುಮಾರು ಅರ್ಧ ಶತಮಾನ ಅದನ್ನು ಕೇಳುವವರಿರಲಿಲ್ಲ. 1941ರಲ್ಲಿ ಅದು ‘ಫಿಲೊಪೊನ್’ ಎಂಬ ಹೆಸರಿನ ಮದ್ದಾಗಿ ಅಂಗಡಿಗೆ ಬಂದಿತು. ದುಡಿಮೆಯ ಪ್ರೀತಿಯನ್ನು ಸೂಚಿಸುವ ಗ್ರೀಕ್ ಶಬ್ದದಿಂದ ಹುಟ್ಟಿದ ಹೆಸರದು. ಜಪಾನೀಯರ ನಾಲಗೆಯಲ್ಲಿ ‘ಹಿರೊಪೊನ್’ ಆಯಿತು. ಅವರ ಭಾಷೆಯಲ್ಲಿ ‘ಹಿರೋ’ ಎಂದರೆ ದಣಿವು. ದಣಿವನ್ನು ಥಟ್ಟನೆ ಹಾರಿಸುವ ಮದ್ದೆಂದು ಶ್ಲೇಷೆ. ಶ್ಲೇಷೆಗೆ ಮರುಳಾಗುವವರು ನಮ್ಮಲ್ಲಿ ಮಾತ್ರವೇ ಇಲ್ಲ!

ಯುದ್ಧಕಾಲದಲ್ಲಿ ಸೈನಿಕರೂ, ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಯ ಕೆಲಸಗಾರರೂ ಇದನ್ನು ನುಂಗಿದರು. 1945ರಲ್ಲಿ ಸೋಲಾಯಿತು, ಸೈನ್ಯದ ದಾಸ್ತಾನು ಪೇಟೆಗೆ ಹರಿಯಿತು. ಊರು ಸುಟ್ಟಿದೆ, ಅಕ್ಕಿಯಿಲ್ಲ. ಹಸಿವನ್ನೂ ನಿದ್ದೆಯನ್ನೂ ಮರೆಸುವ ಮದ್ದು ಮಾತ್ರ ಔಷಧದಂಗಡಿಯಲ್ಲಿ ರಾಜಾರೋಷವಾಗಿ ಸಿಕ್ಕುತ್ತಿದೆ. ಲೇಖಕರು ಕೊಂಡರು, ವಿದ್ಯಾರ್ಥಿಗಳು ಕೊಂಡರು. ಅವರನ್ನು ಹಳಿಯಲು ನನಗೆ ಮನಸ್ಸು ಬಾರದು.

ಆದರೆ ಮದ್ದು ಹೊಸ ಶಕ್ತಿಯನ್ನೇನೂ ಕೊಡುವುದಿಲ್ಲ. ಮಿದುಳಿನಲ್ಲಿ ಕೂಡಿಟ್ಟ ಡೋಪಮಿನ್ ಮೊದಲಾದ ರಸಗಳನ್ನು ಒಮ್ಮೆಗೇ ಹೊರಚೆಲ್ಲಿಸುತ್ತದೆ. ದಣಿವು ಇದ್ದಲ್ಲೇ ಇರುತ್ತದೆ. ಅದರ ಸುದ್ದಿ ಮಾತ್ರ ಮುಟ್ಟುವುದಿಲ್ಲ. ಎದೆಬಡಿತ, ರಕ್ತದ ಒತ್ತಡ, ಮೈಕಾವು ಮೂರೂ ಏರುತ್ತವೆ. 1967ರ ಜುಲೈ 13ರಂದು ಫ್ರಾನ್ಸಿನ ಸೈಕಲ್ ಪಂದ್ಯದಲ್ಲಿ, ಸುಡುಬಿಸಿಲಿನಲ್ಲಿ ಬೆಟ್ಟವೇರುತ್ತ ಇಂಗ್ಲೆಂಡಿನ ಟಾಮ್ ಸಿಂಪ್ಸನ್ನರು ಕುಸಿದು ಮೃತರಾದರು. ಅವರ ದೇಹದಲ್ಲಿ ಇದೇ ವರ್ಗದ ಆಂಫೆಟಮಿನ್ ಇದ್ದಿತು. ಬಹುಕಾಲ ಸೇವಿಸಿದವರಿಗೆ ಸಂಶಯ ಬಲಿಯುತ್ತದೆ, ಇಲ್ಲದ ದನಿಗಳು ಕೇಳುತ್ತವೆ. ಒಮ್ಮೆ ಹೀಗಾದವರಿಗೆ, ಬಿಟ್ಟು ಎಷ್ಟೋ ಕಾಲದ ಮೇಲೆ ಅಲ್ಪ ಪ್ರಮಾಣ ಸೇವಿಸಿದರೂ ಅದು ಮರುಕಳಿಸಬಹುದೆಂದು ಜಪಾನಿನ ಮನೋವೈದ್ಯರು ಕಂಡುಕೊಂಡರು.

1951ರಲ್ಲಿ ಅಲ್ಲಿ ಕಾನೂನು ಬಂದಿತು. 1954ರಲ್ಲಿ ಬಂಧಿತರಾದವರೇ 55,000ಕ್ಕೆ ಮಿಗಿಲು! ಬಿಗಿಯಾದ ಶಿಕ್ಷೆಯಿಂದ ಕೆಲವೇ ವರ್ಷಗಳಲ್ಲಿ ಸಂಖ್ಯೆ ಇಳಿಯಿತು. 1970ರ ಬಳಿಕ ಮತ್ತೆ ಏರಿತು. ಸೂಜಿಯ ಕೇಡನ್ನು ಮಾತ್ರ ಕಾನೂನು ಅಳಿಸಲಾರದೆ ಹೋಯಿತು. ಒಂದೇ ಸೂಜಿಯನ್ನು ಹಲವರು ಚುಚ್ಚಿಕೊಂಡದ್ದರಿಂದ ಕಾಮಾಲೆಯ ವಿಷಾಣು ಹಬ್ಬಿತು. ಅಂಥ ಬಡವರಲ್ಲಿ ಎಷ್ಟೋ ಮಂದಿ ಹೊಟ್ಟೆಪಾಡಿಗಾಗಿ ರಕ್ತವನ್ನೂ ಮಾರುತ್ತಿದ್ದರು. 1964ರಲ್ಲಿ ಇರಿತಕ್ಕೊಳಗಾದ ಅಮೆರಿಕದ ರಾಯಭಾರಿ ರೈಶಾವರರಿಗೆ ಜಪಾನಿನ ಆಸ್ಪತ್ರೆಯಲ್ಲಿ ರಕ್ತವನ್ನು ಕೊಟ್ಟರು. ಅದರಿಂದ ಕಾಮಾಲೆ ಅಂಟಿತು. ಅದೇ ವರ್ಷ ಸರ್ಕಾರವು ರಕ್ತದ ಮಾರಾಟವನ್ನು ಬಿಟ್ಟು ದಾನದ ದಾರಿಗೆ ತಿರುಗಿತು.

1984ರಲ್ಲಿ ಹಾಲೆಂಡಿನ ಆಂಸ್ಟರ್‌ಡ್ಯಾಮಿನಲ್ಲಿ ವ್ಯಸನಿಗಳ ಸಂಘವೇ ಕೇಳಿಕೊಂಡು, ಬಳಸಿದ ಸೂಜಿಯನ್ನು ಕೊಟ್ಟವರಿಗೆ ಹೊಸ ಸೂಜಿಯನ್ನು ಕೊಡುವ ಏರ್ಪಾಡಾಯಿತು. ಇದು ವ್ಯಸನಕ್ಕೆ ಪ್ರೋತ್ಸಾಹವಲ್ಲವೇ ಎಂದು ನೀವು ಕೇಳಬಹುದು. ಬಿಡುವ ದಿನದವರೆಗೆ ಮನುಷ್ಯ ಬದುಕಿರಬೇಕಷ್ಟೆ? ಮೈ ಕೆಂಡವಾದರೆ, ಎದೆ ನೊಂದರೆ, ಬಾಯಿ ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಏನು ಸೇವಿಸಿದನೆಂಬುದನ್ನು ವೈದ್ಯರಿಂದ ಮರೆಮಾಚಬಾರದು. ಮದ್ದು ಬಿಟ್ಟವನು ಹಲವು ದಿನ ಹಗಲಿರುಳೂ ಮಲಗುತ್ತಾನೆ, ಎದ್ದಾಗ ಬಾಳೇ ಬೇಡವೆನ್ನಿಸುವಷ್ಟು ಮಂಕಾಗಿರುತ್ತಾನೆ. ಆ ದಿನಗಳಲ್ಲಿ ಮನೆಯವರೊಬ್ಬರು ಅವನ ಬಳಿಯಲ್ಲಿರಬೇಕು.