ಅಂಗೈಯಗಲದ ಪರದೆಯಲ್ಲಿ ಮಾರಿಯೋ: ಒಂದು ಆಟದ ಪಾಠಪರಿಷ್ಕರಣವನ್ನು ಕುರಿತು

1985ನೆಯ ಇಸವಿಯ ಸೆಪ್ಟೆಂಬರ್ 13ರಂದು ಜಪಾನಿನ ನಿಂಟೆಂಡೋ ಸಂಸ್ಥೆಯು ತನ್ನ ಫ್ಯಾಮಿಕಾಂ ಯಂತ್ರಕ್ಕಾಗಿ ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಆಟವನ್ನು, ಅದೇ ಸಂಸ್ಥೆಯು 1999ರಲ್ಲಿ ಗೇಮ್ ಬಾಯ್ ಕಲರ್ ಎಂಬ ಕೈಯಂತ್ರಕ್ಕೆ ‘ಸೂಪರ್ ಮಾರಿಯೋ ಬ್ರದರ್ಸ್ ಡಿಲಕ್ಸ್’ ಎಂಬ ಹೆಸರಿನಿಂದ ಅಳವಡಿಸಿದುದನ್ನು ಒಂದು ಗೌಣ ಪ್ರಸಂಗವೆಂದು ಎಣಿಸಿ, ಮೂಲದ ಪ್ರಶಂಸೆಯಲ್ಲಿಯೇ ಮಾತನ್ನು ಮುಗಿಸುವುದು ವಾಡಿಕೆಯಾಗಿದೆ. ಆದರೆ ಮಿಯಾಮೊಟೊ ಶಿಗೆರು, ತೆಜುಕಾ ತಕಾಶಿ ಇವರು ರೂಪಿಸಿದ ಆ ಮೂಲವನ್ನೂ ಹದಿನಾಲ್ಕು ವರ್ಷಗಳ ಅನಂತರದ ಈ ಅಳವಡಿಕೆಯನ್ನೂ, ಗ್ರಂಥಸಂಪಾದಕನು ಎರಡು ಪ್ರತಿಗಳನ್ನು ಎದುರುಬದುರಿಗಿಟ್ಟು ನೋಡುವಂತೆ, ಚೌಕ ಚೌಕವಾಗಿ ಹೋಲಿಸಿದಲ್ಲಿ, ಎರಡನೆಯದು ಮೂಲದ ಕ್ಷೀಣಪ್ರತಿಯಲ್ಲವೆಂದೂ, ಮೂಲದಲ್ಲಿ ಸುಪ್ತವಾಗಿದ್ದ ಒಂದು ಗುಣವನ್ನು ಪ್ರಕಟಗೊಳಿಸಿದ ಪರಿಷ್ಕರಣವೆಂದೂ ತೋರುತ್ತದೆ. ಇದನ್ನು ಪ್ರತಿಪಾದಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮಂಡ್ಯ ಪಟ್ಟಣದೊಡನೆ ಬೆರೆತುಹೋಗಿರುವ, ಅರ್ಕೇಶ್ವರನ ಗುಡಿಯಿಂದ ಸುತ್ತಣವರಿಗೆ ಪರಿಚಿತವಾದ ನಮ್ಮ ಗುತ್ತಲಿನಂತಹ ಊರುಗಳಲ್ಲಿ ತೊಂಬತ್ತರ ದಶಕದ ಮಕ್ಕಳಿಗೆ ಮಾರಿಯೋ ದೊರೆತದ್ದು ನಿಂಟೆಂಡೋ ಯಂತ್ರದ ಮೂಲಕವಲ್ಲ. ಫ್ಯಾಮಿಕಾಮನ್ನು ಅನುಕರಿಸಿ ಮಾಡಿದ ಅಗ್ಗದ ಟಿ.ವಿ. ಗೇಮುಗಳ ಮೂಲಕ. ನೂರಾರು ಆಟಗಳಿವೆಯೆಂದು ಚೀಟಿ ಅಂಟಿಸಿಕೊಂಡ ‘ಕ್ಯಾಸೆಟ್ಟು’ ಕೆಲಸ ಮಾಡದಿದ್ದರೆ ಅದನ್ನು ಹೊರಗೆಳೆದು, ಬಾಯಿಂದ ಊದಿ, ಮತ್ತೆ ಸಿಕ್ಕಿಸುವುದು ಆಗಿನ ಸಾರ್ವತ್ರಿಕ ಚಿಕಿತ್ಸೆ. ಅಂಗೈಯಲ್ಲಿ ಹಿಡಿದು ಆಡುವ ವಸ್ತುವೆಂದರೆ ಜಾತ್ರೆಯಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮು, ಆಮೇಲೆ ನೋಕಿಯಾ ಫೋನಿನಲ್ಲಿ ಬಂದ ಬೌನ್ಸ್. ಗೇಮ್ ಬಾಯ್ ಕಲರನ್ನು ಕಣ್ಣಾರೆ ಕಂಡವರು ವಿರಳ. ಹೀಗೆ ಮೂಲವನ್ನು ಮನಮುಟ್ಟುವಷ್ಟು ಬಲ್ಲವನಾಗಿ, ಡಿಲಕ್ಸನ್ನು ಬಹುಕಾಲದ ಮೇಲೆ ನೋಡುವ ಓದುಗನಿಗೆ ಇವೆರಡರ ಅಂತರವು ಕೂಡಲೇ ಕಣ್ಣಿಗೆ ಹೊಡೆಯುತ್ತದೆ.

ಅಂತರದ ಮೂಲವು ಗಣಿತದಲ್ಲಿದೆ. ಫ್ಯಾಮಿಕಾಮಿನ ಚಿತ್ರವು ಅಗಲದಲ್ಲಿ 256, ಎತ್ತರದಲ್ಲಿ 240 ಪಿಕ್ಸೆಲ್ಲುಗಳದು. ಗೇಮ್ ಬಾಯ್ ಕಲರಿನದು 160 ಮತ್ತು 144. ಮಾರಿಯೋವಿನ ಲೋಕವು 16 ಪಿಕ್ಸೆಲ್ಲುಗಳ ಚೌಕಗಳಿಂದ ಕಟ್ಟಲ್ಪಟ್ಟದ್ದಾದಕಾರಣ, ಮೂಲದ ಆಟಗಾರನಿಗೆ ಹದಿನಾರು ಚೌಕಗಳ ಅಗಲವೂ ಹದಿನೈದು ಚೌಕಗಳ ಎತ್ತರವೂ ಏಕಕಾಲದಲ್ಲಿ ಗೋಚರವಾಗುತ್ತಿದ್ದರೆ, ಕೈಯಂತ್ರದವನಿಗೆ ಹತ್ತು ಚೌಕಗಳ ಅಗಲ, ಒಂಬತ್ತು ಚೌಕಗಳ ಎತ್ತರ. ಕ್ಷೇತ್ರಫಲದಲ್ಲಿ ಇದು ಮೂಲದ ಎಂಟರಲ್ಲಿ ಮೂರು ಪಾಲು. ಪರಿಷ್ಕರ್ತರು ಆಕೃತಿಗಳನ್ನು ಕುಗ್ಗಿಸಲಿಲ್ಲ. ಮಾರಿಯೋ, ಇಟ್ಟಿಗೆ, ಕೊಳವೆ ಎಲ್ಲವನ್ನೂ ಮೂಲದ ಅಳತೆಯಲ್ಲಿಯೇ ಉಳಿಸಿಕೊಂಡು, ನೋಡುವ ಕಿಂಡಿಯನ್ನು ಮಾತ್ರ ಕಿರಿದುಮಾಡಿದರು. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ನಿಂತು ಕಬ್ಬಿನ ಗದ್ದೆಯನ್ನು ನೋಡುವವನಿಗೂ ಅದೇ ಗದ್ದೆಯೊಳಗೆ ಸಾಲಿನ ನಡುವೆ ನಡೆಯುವವನಿಗೂ ಇರುವ ಭೇದವೇ ಇಲ್ಲಿರುವುದು: ಗದ್ದೆ ಒಂದೇ, ಗರಿಯ ಅಳತೆ ಒಂದೇ, ಕಾಣುವುದು ಮಾತ್ರ ಬೇರೆ.

ಇದರ ಪರಿಣಾಮವನ್ನು ಒಂದೆಡೆ ನಿಂತು ಪರೀಕ್ಷಿಸೋಣ. ಮೊದಲನೆಯ ಲೋಕದ ಮೊದಲ ಘಟ್ಟದಲ್ಲಿ, ಆಟವನ್ನು ಒಮ್ಮೆಯಾದರೂ ಆಡಿದವರೆಲ್ಲರ ನೆನಪಿನಲ್ಲಿ ಉಳಿದಿರುವ ಒಂದು ಇಟ್ಟಿಗೆ ಸಾಲಿದೆ. ಐದು ಚೌಕಗಳ ಆ ಸಾಲಿನಲ್ಲಿ ಪ್ರಶ್ನೆಚಿಹ್ನೆಯ ಎರಡು ಪೆಟ್ಟಿಗೆಗಳೂ, ಅದರ ನಡುವಣ ಚೌಕದ ಮೇಲೆ ಇನ್ನೂ ನಾಲ್ಕು ಚೌಕಗಳಷ್ಟು ಎತ್ತರದಲ್ಲಿ ಒಂಟಿಯಾಗಿ ತೂಗುವ ಮತ್ತೊಂದು ಪೆಟ್ಟಿಗೆಯೂ ಇವೆ. ನೆಲವು ಎರಡು ಚೌಕಗಳ ದಪ್ಪದ್ದು. ಆ ಒಂಟಿಪೆಟ್ಟಿಗೆಯು ತಳದಿಂದ ಎಣಿಸಿದರೆ ಹತ್ತನೆಯ ಸಾಲಿನಲ್ಲಿ ಬರುತ್ತದೆ. ಟಿ.ವಿ.ಯ ಪರದೆಯಲ್ಲಿ ಅದು ದೂರದಿಂದಲೇ ಮಿನುಗಿ ಕರೆಯುತ್ತದೆ. ಒಂಬತ್ತು ಚೌಕಗಳ ಕಿಂಡಿಯಾದರೋ ನೆಲಕ್ಕೆ ತಳವೂರಿ ನಿಂತಿತೆಂದರೆ, ಪೆಟ್ಟಿಗೆಯು ಒಂದೇ ಒಂದು ಸಾಲಿನ ಅಂತರದಿಂದ ಅದೃಶ್ಯವಾಗುತ್ತದೆ! ಮೂಲದಲ್ಲಿ ಕಣ್ಣಿನ ಆಮಿಷವಾಗಿದ್ದುದು ಇಲ್ಲಿ, ಬಲ್ಲವನಿಗೆ ಸ್ಮೃತಿಯೂ ಅರಿಯದವನಿಗೆ ಶೋಧವೂ ಆಗಿ ಪರಿಣಮಿಸುತ್ತದೆ. ಪರಿಷ್ಕರ್ತರು ಇದನ್ನು ಅರಿಯದೆ ಬಿಟ್ಟವರಲ್ಲ. ಮೇಲಿನ ಅಥವಾ ಕೆಳಗಿನ ಗುಂಡಿಯನ್ನು ಒತ್ತಿ ನೋಟವನ್ನು ಮೇಲಕ್ಕೂ ಕೆಳಕ್ಕೂ ಸರಿಸುವ ಸೌಕರ್ಯವನ್ನು ಅವರು ಹೊಸದಾಗಿ ಸೇರಿಸಿದರು. ಮೂಲದಲ್ಲಿ ನೋಡುವುದು ಯಂತ್ರದ ಕೆಲಸವಾಗಿತ್ತು. ಇಲ್ಲಿ ಅದು ಆಟಗಾರನ ಕ್ರಿಯೆಯಾಯಿತು.

ಅಡ್ಡದಿಕ್ಕಿನಲ್ಲಿ ಈ ಪರಿಹಾರವು ಸಾಲದು. ಓಟದ ಪೂರ್ಣವೇಗದಲ್ಲಿ ಮಾರಿಯೋ ಒಂದು ಚಿತ್ರಕ್ಕೆ ಸುಮಾರು ಎರಡೂವರೆ ಪಿಕ್ಸೆಲ್ಲುಗಳಷ್ಟು ಚಲಿಸುತ್ತಾನೆ. ಸೆಕೆಂಡಿಗೆ ಸುಮಾರು 60 ಚಿತ್ರಗಳು. ಅವನು ಪರದೆಯ ನಡುವೆಯೇ ಇರುವನೆಂದು ಹಿಡಿದರೆ, ಟಿ.ವಿ.ಯಲ್ಲಿ ಬಲತುದಿಯಿಂದ ಕಾಣಿಸಿಕೊಂಡ ಹಳ್ಳವು ಅವನ ಕಾಲಡಿಗೆ ಬರಲು ಹೆಚ್ಚುಕಡಮೆ 0.85 ಸೆಕೆಂಡು ಹಿಡಿಯುತ್ತದೆ. ಅದೇ ವೇಗದಲ್ಲಿ ಕೈಯಂತ್ರದ ಕಿಂಡಿಯಲ್ಲಿ 0.53 ಸೆಕೆಂಡು. ಕಂಡು, ತೀರ್ಮಾನಿಸಿ, ಹಾರುವ ಮೂರು ವ್ಯಾಪಾರಗಳಿಗೆ ಅರ್ಧ ಸೆಕೆಂಡು ಬಹಳ ಇಕ್ಕಟ್ಟು. ಆದಕಾರಣ ಡಿಲಕ್ಸಿನಲ್ಲಿ ಓಡಬಲ್ಲವನು ಮುಂದಿನ ನೆಲವನ್ನು ಮೊದಲೇ ಮನಸ್ಸಿನಲ್ಲಿ ಧರಿಸಿದವನು ಮಾತ್ರ. ಮೂಲದ 32 ಘಟ್ಟಗಳು ಎಷ್ಟರಮಟ್ಟಿಗೆ ಕಂಠಸ್ಥವಾಗಬಲ್ಲ ರಚನೆಗಳೆಂಬುದನ್ನು ಮೂಲವೇ ಇಷ್ಟು ಸ್ಫುಟವಾಗಿ ತೋರಿಸಿರಲಿಲ್ಲವೆಂದು ನನ್ನ ನಿಶ್ಚಿತಾಭಿಪ್ರಾಯ.

ಸ್ಮೃತಿಯನ್ನು ಬೇಡುವ ಕೃತಿಯು ಅಭ್ಯಾಸಕ್ಕೆ ಅನುವು ಮಾಡಿಕೊಡಬೇಕು. ಮೂಲದಲ್ಲಿ ಪ್ರಗತಿಯನ್ನು ಉಳಿಸಿಡುವ ಏರ್ಪಾಡಿರಲಿಲ್ಲ. ಆರನೆಯ ಲೋಕವನ್ನು ಮುಟ್ಟಿದಾಗ ಕರೆಂಟು ಹೋಯಿತೆಂದರೆ ಮತ್ತೆ ಮೊದಲಿನಿಂದ. ಲೋಡ್ ಶೆಡ್ಡಿಂಗಿನ ಸಂಜೆಗಳನ್ನು ಕಂಡ ಮಂಡ್ಯ ಸೀಮೆಯವರಿಗೆ ಈ ದುಃಖವನ್ನು ವಿವರಿಸಬೇಕಾಗಿಲ್ಲ. ಡಿಲಕ್ಸಾದರೋ ಎರಡು ಶೆಲ್ಲುಗಳ ಬಲದಿಂದ ನಡೆಯುವ ಯಂತ್ರದಲ್ಲಿ, ಆಟಗಾರನು ಮುಟ್ಟಿದ ಘಟ್ಟವನ್ನು ನೆನಪಿನಲ್ಲಿಡುತ್ತಿತ್ತು. ಘಟ್ಟಗಳ ನಡುವೆ ಒಂದು ಭೂಪಟವನ್ನೂ ಒದಗಿಸಿತು. ಇವೆಲ್ಲಕ್ಕಿಂತ ಮಿಗಿಲಾದುದು ‘ಚಾಲೆಂಜ್’ ಎಂಬ ವಿಭಾಗ. ಹಳೆಯ ಘಟ್ಟಗಳಲ್ಲಿಯೇ ಐದೈದು ಕೆಂಪು ನಾಣ್ಯಗಳನ್ನೂ ಒಂದು ಯೋಶಿಯ ಮೊಟ್ಟೆಯನ್ನೂ ಅಡಗಿಸಿ, ಅಂಕಗಳ ಒಂದು ಗುರಿಯನ್ನೂ ಇಟ್ಟು, ವೇಗವಾಗಿ ದಾಟಿಹೋಗುತ್ತಿದ್ದ ಮೂಲೆಗಳನ್ನು ನಿಂತು ನೋಡುವಂತೆ ಮಾಡಿದ ಈ ವಿಭಾಗವು ಸಾಕ್ಷಾತ್ ಟೀಕಾಗ್ರಂಥದ ಕಾರ್ಯವನ್ನು ಮಾಡುತ್ತದೆ.

ನಮ್ಮ ಸಾಹಿತ್ಯದಲ್ಲಿಯೂ ಇಂತಹ ಕಾರ್ಯಕ್ಕೆ ನಿದರ್ಶನವಿಲ್ಲದಿಲ್ಲ. ನಾಗಮಂಗಲ ಸೀಮೆಯ ಬೆಳ್ಳೂರಿನ ಮನೆತನದವರಾದ ಬಿ. ಎಂ. ಶ್ರೀಕಂಠಯ್ಯನವರು ರನ್ನನ ಚಂಪೂಕಾವ್ಯವನ್ನು ‘ಗದಾಯುದ್ಧನಾಟಕಂ’ ಆಗಿ ರಂಗಕ್ಕೆ ತಂದಾಗ, ಕಾವ್ಯದೊಳಗಿದ್ದ ನಾಟಕೀಯತೆಯು ಸಂಕ್ಷೇಪದಿಂದಲೇ ಪ್ರಕಾಶಕ್ಕೆ ಬಂದಿತು. ಎಡೆಯ ಕಿರಿದುತನವು ಪರಿಷ್ಕರ್ತನಿಗೆ ಬಾಧಕವೇ ಆಗಬೇಕೆಂದಿಲ್ಲ.

ಬೇರೊಂದು ಮಾರ್ಗವೂ ಇತ್ತು, ಅದನ್ನು ನಿಂಟೆಂಡೋ ಮುಂದೆ ಹಿಡಿದುದೂ ಉಂಟು. 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸಿಗೆ ಇದೇ ಆಟವನ್ನು ಮತ್ತೆ ತಂದಾಗ, 240ಕ್ಕೆ 160 ಪಿಕ್ಸೆಲ್ಲುಗಳ, ಅಂದರೆ ಮೂಲದ ಎಂಟರಲ್ಲಿ ಐದು ಪಾಲಿನ ಪರದೆಯಲ್ಲಿ, ಚಿತ್ರವನ್ನು ಎತ್ತರದಲ್ಲಿ ಅಮುಕಿ ಕೂರಿಸಲಾಯಿತು. ದೃಶ್ಯವು ಬಹುಮಟ್ಟಿಗೆ ಸಮಗ್ರವಾಗಿ ಉಳಿಯಿತು. ಮಾರಿಯೋ ಮಾತ್ರ ಕುಳ್ಳನಾದ, ಚೌಕಗಳು ಚೌಕಗಳಾಗಿ ಉಳಿಯಲಿಲ್ಲ. ಮೂಲನಿಷ್ಠೆಯ ಹೆಸರಿನಲ್ಲಿ ಆಕಾರವನ್ನೇ ಕೆಡಿಸಿದ ಈ ಪ್ರತಿಗಿಂತ, ನೋಟವನ್ನು ತ್ಯಜಿಸಿ ಅಳತೆಯನ್ನು ಕಾಪಾಡಿದ ಹಳೆಯ ಪರಿಷ್ಕರಣವನ್ನೇ ನಾನು ಶ್ರೇಷ್ಠವೆಂದು ಭಾವಿಸುತ್ತೇನೆ.

ಡಿಲಕ್ಸಿನಲ್ಲಿ ದೋಷವಿಲ್ಲವೆಂದಲ್ಲ. 3,00,000 ಅಂಕ ಗಳಿಸಿದವರಿಗೆ ತೆರೆದುಕೊಳ್ಳುವ, 1986ರಲ್ಲಿ ಜಪಾನಿನಲ್ಲಿ ಬಂದಿದ್ದ ಎರಡನೆಯ ಮಾರಿಯೋ ಆಟದ ಪಾಠದಲ್ಲಿ, ಒಂಬತ್ತನೆಯ ಲೋಕವೂ ಎ ಯಿಂದ ಡಿ ವರೆಗಿನ ನಾಲ್ಕು ಲೋಕಗಳೂ ಬಿಟ್ಟುಹೋಗಿವೆ. ಪರಿಣತರಿಗೆಂದೇ ಇಟ್ಟ ಭಾಗದಲ್ಲಿ ಪರಿಣತರ ಕಡೆಯ ಪರೀಕ್ಷೆಯೇ ಇಲ್ಲದಿರುವುದು ನಿಜವಾದ ನಷ್ಟ. ಆದರೂ 2014ರಲ್ಲಿ ನಿಂಟೆಂಡೋ 3ಡಿಎಸ್ ಯಂತ್ರಕ್ಕೆ ಡಿಲಕ್ಸು ಮರಳಿ ಬಂದ ರೀತಿಯು ಗಮನಾರ್ಹವಾದುದು. ಆ ಯಂತ್ರದ ಮೇಲಣ ಪರದೆಯ ಎತ್ತರವು 240 ಪಿಕ್ಸೆಲ್ಲುಗಳು. ಫ್ಯಾಮಿಕಾಮಿನ ಚಿತ್ರವನ್ನು ಒಂದು ಸಾಲೂ ಬಿಡದೆ ತೋರಿಸಲು ಅದು ಸಮರ್ಥವಾಗಿತ್ತು. ಅಂತಹ ಪರದೆಯ ಮೇಲೆಯೂ ಡಿಲಕ್ಸು ಅದೇ ಹತ್ತು ಚೌಕಗಳ ಅಗಲ, ಒಂಬತ್ತು ಚೌಕಗಳ ಎತ್ತರದ ಕಿಂಡಿಯೊಡನೆಯೇ ಪುನಃ ಪ್ರಕಟವಾಯಿತು.