ಓದುವ ಮಕ್ಕಳು ಸಂಗೀತ ಕೇಳಬಹುದೆ?

ಪರೀಕ್ಷೆ ಹತ್ತಿರ ಬಂತೆಂದರೆ ಪೋಷಕರು ಕೇಳುವ ಪ್ರಶ್ನೆ ಒಂದೇ: "ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ ಓದುತ್ತಾನೆ, ಪರವಾಗಿಲ್ಲವಾ ಸಾರ್?" ಸಂಗೀತ ಕೇಳಿದರೆ ಬುದ್ಧಿ ಬೆಳೆಯುತ್ತದೆ ಎಂದು ಯಾರೋ ವಾಟ್ಸಾಪಿನಲ್ಲಿ ಕಳಿಸಿರುತ್ತಾರೆ, ಹುಡುಗ ಅದನ್ನೇ ತೋರಿಸುತ್ತಾನೆ. ಸಂಗೀತದಿಂದ ವಿದ್ಯಾರ್ಥಿಗೆ ಉಪಯೋಗ ಇದ್ದೇ ಇದೆ. ಆದರೆ ಯಾವ ಹೊತ್ತಿನಲ್ಲಿ ಕೇಳುತ್ತಾನೆ ಎಂಬುದು ಮುಖ್ಯ. ಗಡಿಭಾಗದ ನಮ್ಮ ಮಕ್ಕಳಿಗೆ ಅದರಿಂದ ಇನ್ನೊಂದು ದೊಡ್ಡ ಲಾಭವೂ ಇದೆ, ಅದನ್ನು ಮುಂದೆ ಹೇಳಿದೆ.

ಬುದ್ಧಿ ಬೆಳೆಯುವ ಮಾತು ಹಬ್ಬಿದ್ದು 1993ರ ಒಂದು ಪ್ರಯೋಗದಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟನ ಪಿಯಾನೊ ಸಂಗೀತ ಕೇಳಿಸಿ, ಆಮೇಲೆ ಆಕೃತಿಗಳನ್ನು ಮನಸ್ಸಿನಲ್ಲೇ ಮಡಚಿ ನೋಡುವಂಥ ಪರೀಕ್ಷೆ ಕೊಟ್ಟರು. ಅಂಕ ಹೆಚ್ಚು ಬಂತು. ಆದರೆ ಪರಿಣಾಮ ಉಳಿದದ್ದು 10–15 ನಿಮಿಷ ಮಾತ್ರ. ಆ ವಿವರ ಯಾರಿಗೂ ನೆನಪಿಲ್ಲ! 1998ರಲ್ಲಿ ಅಲ್ಲಿಯ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಸಿಡಿ ಕೊಡಲು ಸರ್ಕಾರದ ಹಣ ಕೇಳಿದರು. ಬೇರೆಯವರು ಮತ್ತೆ ಪರೀಕ್ಷಿಸಿದಾಗ, ಮೊಜಾರ್ಟನೇ ಆಗಬೇಕಿಲ್ಲ, ಮನಸ್ಸಿಗೆ ಹಿಡಿಸಿದ್ದನ್ನು ಕೇಳಿದರೆ ಸ್ವಲ್ಪ ಹೊತ್ತು ಚುರುಕು ಬರುತ್ತದೆ, ಅಷ್ಟೇ ಎಂದು ಕಂಡಿತು.

ಅಷ್ಟಾದರೂ ಕಡಿಮೆಯೇನಲ್ಲ. ಓದಲು ಕೂರುವ ಮೊದಲು ಹತ್ತು ನಿಮಿಷ ಕೇಳಲಿ. ಪುಸ್ತಕ ತೆರೆದ ಮೇಲೆ ಮಾತ್ರ ಸಾಹಿತ್ಯವಿರುವ ಹಾಡು ಬೇಡ. ಓದುವಾಗ ನಾವು ಒಳಗೊಳಗೇ ಪದಗಳನ್ನು ಹೇಳಿಕೊಳ್ಳುತ್ತಿರುತ್ತೇವೆ. ಹಾಡಿನ ಪದಗಳು ಅದಕ್ಕೆ ಅಡ್ಡ ಬರುತ್ತವೆ. ಬಾಯಿಪಾಠ ಮಾಡುವಾಗಲಂತೂ ಬೇಡವೇ ಬೇಡ. ನಕ್ಷೆಗೆ ಬಣ್ಣ ಹಾಕುವಾಗ, ರೆಕಾರ್ಡ್ ಪುಸ್ತಕದ ಚಿತ್ರ ಬರೆಯುವಾಗ ದೊರೆಸ್ವಾಮಿ ಅಯ್ಯಂಗಾರರ ವೀಣೆಯೋ ಯಾವುದಾದರೂ ಕೊಳಲೋ ಸಣ್ಣಗೆ ಕೇಳುತ್ತಿದ್ದರೆ ತೊಂದರೆಯಿಲ್ಲ.

ಪರೀಕ್ಷೆಯ ದಿನಗಳಲ್ಲಿ ನಿದ್ದೆ ಕೆಡುವ ಮಕ್ಕಳಿಗೂ ಇದು ಸಹಾಯಕ. ಹಂಗೇರಿ ದೇಶದಲ್ಲಿ ಸರಿಯಾಗಿ ನಿದ್ದೆ ಬಾರದ 94 ವಿದ್ಯಾರ್ಥಿಗಳನ್ನು ಗುಂಪು ಮಾಡಿ, ಒಂದು ಗುಂಪಿಗೆ ಮೂರು ವಾರ ಮಲಗುವ ಹೊತ್ತಿಗೆ 45 ನಿಮಿಷ ಶಾಸ್ತ್ರೀಯ ಸಂಗೀತ ಕೇಳಿಸಿದರು. ಆ ಗುಂಪಿನ ನಿದ್ದೆ ಸುಧಾರಿಸಿತು. ಓದಿದ ಪುಸ್ತಕದ ಧ್ವನಿ ಕೇಳಿಸಿಕೊಂಡ ಗುಂಪಿಗೆ ಅಂಥ ಲಾಭ ಆಗಲಿಲ್ಲ. ಇದಕ್ಕೆ ಇಯರ್‌ಫೋನ್ ಬೇಕಿಲ್ಲ, ಫೋನನ್ನು ದೂರದ ಮೇಜಿನ ಮೇಲಿಟ್ಟರೆ ಸಾಕು. ಮಕ್ಕಳಿಗೆ 75 ಡೆಸಿಬೆಲ್ ಸದ್ದಿನಲ್ಲಿ ವಾರಕ್ಕೆ 40 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಕೇಳಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. ಪಕ್ಕದಲ್ಲಿ ಕೂತವರ ಮಾತು ಕಿವಿಗೆ ಬೀಳುತ್ತಿಲ್ಲವೆಂದರೆ ಸದ್ದು ಜಾಸ್ತಿಯಾಗಿದೆ ಎಂದೇ ತಿಳಿಯಿರಿ.

ಈಗ ನಮ್ಮ ವಿಷಯ. ಮಡಕಶಿರಾ, ರೊಳ್ಳ, ಅಮರಾಪುರದ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಹಿಂದೂಪುರ, ಕಲ್ಯಾಣದುರ್ಗದ ಪೇಟೆಗಳಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಓದುವುದು ತೆಲುಗು, ಇಲ್ಲವೇ ಇಂಗ್ಲಿಷ್. ಮನೆಯಲ್ಲಿ "ಊಟ ಆಯ್ತಾ, ಬಾಗಿಲು ಹಾಕು" ಎಂಬಷ್ಟು ಕನ್ನಡ ನಡೆಯುತ್ತದೆ. ಅದರಾಚೆಯ ಕನ್ನಡ ಕಿವಿಗೆ ಬೀಳುವುದು ಹಾಡಿನಲ್ಲಿ. ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದವರು 60 ಜನರಿಗೆ ಅವರಿಗೆ ಗೊತ್ತೇ ಇಲ್ಲದ ಹಂಗೇರಿಯನ್ ಭಾಷೆಯ ನುಡಿಗಟ್ಟುಗಳನ್ನು 15 ನಿಮಿಷ ಕಲಿಸಿದರು. ಕೆಲವರು ಕೇಳಿ ಹೇಳಿದರು, ಕೆಲವರು ಲಯದಲ್ಲಿ ಹೇಳಿದರು, ಕೆಲವರು ಹಾಡಿದರು. ಬಾಯಲ್ಲಿ ಹೇಳಬೇಕಾದ ಪರೀಕ್ಷೆಯಲ್ಲಿ ಹಾಡಿದವರೇ ಮುಂದೆ.

ಇದು ನಮಗೆ ಹೊಸದೇನಲ್ಲ. ಸರಳೆ, ಜಂಟಿವರಸೆ, ಅಲಂಕಾರ, ಮಲಹರಿ ರಾಗದ ಪಿಳ್ಳಾರಿ ಗೀತೆ ಎಂಬ ಪಾಠಕ್ರಮ ಪುರಂದರದಾಸರದು ಎಂದೇ ಪ್ರತೀತಿ. ತೆಲುಗು ಮನೆಯ ಮಕ್ಕಳೂ ಸಂಗೀತದ ತರಗತಿಯಲ್ಲಿ ಶುರುಮಾಡುವುದು ಅಲ್ಲಿಂದಲೇ. ದಾಸರು ಬದುಕಿದ್ದ ಕಾಲದಲ್ಲೇ, ಅಚ್ಯುತರಾಯನ ಆಳ್ವಿಕೆಯಲ್ಲಿ, ನಮ್ಮೂರಿಗೆ 15 ಕಿ.ಮೀ. ದೂರದ ಲೇಪಾಕ್ಷಿಯ ಗುಡಿ ಎದ್ದಿತು. ಅಲ್ಲಿಯ ನಾಟ್ಯಮಂಟಪದ ಕಂಬಗಳಲ್ಲಿ ತುಂಬುರು ವೀಣೆ ನುಡಿಸುತ್ತಾನೆ, ಬ್ರಹ್ಮ ಮದ್ದಳೆ ಬಾರಿಸುತ್ತಾನೆ; ಗುಡಿಯ ಶಾಸನಗಳಲ್ಲಿ ಕನ್ನಡವಿದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ತೂಗುಕಂಬದ ಕೆಳಗೆ ಬಟ್ಟೆ ಎಳೆಸಿ ವಾಪಸು ಬರುವ ಬದಲು ಇದನ್ನೂ ತೋರಿಸಿ.

ಮಾಡಬೇಕಾದ್ದು ಇಷ್ಟು. ವಾರಕ್ಕೆ ಒಂದೇ ಹಾಡು. ಒಂದು ದಾಸರ ಪದ, ಇಲ್ಲವೇ ಸಿ. ಅಶ್ವಥ್ ಸ್ವರ ಹಾಕಿದ ಶರೀಫರ ಪದ, ಇಲ್ಲವೇ 1978ರಲ್ಲಿ ಕ್ಯಾಸೆಟ್ ಆಗಿ ಬಂದ ನಿಸಾರ್ ಅಹಮದರ 'ನಿತ್ಯೋತ್ಸವ'ದಿಂದ ಒಂದು. ಸಾಹಿತ್ಯವನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದುಕೊಡಿ. ಮೊದಲ ಸಲ ಸುಮ್ಮನೆ ಕೇಳಲಿ, ಎರಡನೇ ಸಲ ಅಕ್ಷರದ ಮೇಲೆ ಬೆರಳಿಟ್ಟು ಕೇಳಲಿ, ಮೂರನೇ ಸಲ ಜೊತೆಗೆ ಹಾಡಲಿ. ತೆಲುಗು ಓದಬಲ್ಲ ಮಗುವಿಗೆ ಇದು ಕಷ್ಟವೇ ಅಲ್ಲ: ಗ, ದ, ರ, ಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಕ, ತ, ಶ ಮತ್ತು ತಲೆಕಟ್ಟಿನ ತಿರುವು ಮಾತ್ರ ಹೇಳಿಕೊಡಬೇಕು. ಬರೆದುಕೊಡುವವರು ಮನೆಯಲ್ಲಿ ಇಲ್ಲದಿದ್ದರೆ ಹಾಡಿನ ಹೆಸರು ತಿಳಿಸಿ, ಕಾರ್ಯದರ್ಶಿಯೇ ಬರೆದುಕೊಡುತ್ತಾನೆ. ಗುಮಾಸ್ತನ ಕೈಬರಹ, ಓದಲು ತೊಂದರೆಯಾಗದು.